ತೆಗೆಯುವುದೂ ಒಂದು ವಿದ್ಯೆ

ಅಭಿಮನ್ಯುವಿನ ಕತೆ ಕೇಳದ ಮಕ್ಕಳು ಕಡಿಮೆ. ಚಕ್ರವ್ಯೂಹದ ಒಳಗೆ ನುಗ್ಗುವುದು ಅವನಿಗೆ ಗೊತ್ತಿತ್ತು. ಹೊರಗೆ ಬರುವುದು ಗೊತ್ತಿರಲಿಲ್ಲ. ಯಕ್ಷಗಾನದಲ್ಲಾಗಲಿ ಬಯಲಾಟದಲ್ಲಾಗಲಿ ಆ ಪ್ರಸಂಗ ನಡೆಯುವಾಗ ಜನ ಕಣ್ಣೊರೆಸಿಕೊಳ್ಳುವುದು ಆ ಹುಡುಗನ ಎಳೆಯ ವಯಸ್ಸನ್ನು ನೆನೆದು. ಆದರೆ ಕತೆಯ ಒಳಗೆ ಇನ್ನೊಂದು ಪಾಠವೂ ಕುಳಿತಿದೆ. ಒಳಹೋಗುವ ವಿದ್ಯೆಗೆ ಇರುವ ಮರ್ಯಾದೆ ಹೊರಬರುವ ವಿದ್ಯೆಗೆ ಇಲ್ಲ. ಅಡಿಕೆ ಮರ ಹತ್ತುವ ಕೊನೆಗಾರನನ್ನು ಮಕ್ಕಳೆಲ್ಲ ಕತ್ತೆತ್ತಿ ನೋಡುತ್ತಾರೆ. ಅವನು ಇಳಿಯುವ ಹೊತ್ತಿಗೆ ಅವರ ಕಣ್ಣು ಕೆಳಗೆ ಬಂದ ಗೊನೆಯ ಮೇಲಿರುತ್ತದೆ. ಕಾಲು ಜಾರುವುದು ಇಳಿಯುವಾಗಲೂ ಉಂಟು ಎಂಬುದು ಹತ್ತಿ ಇಳಿದವನಿಗೆ ಮಾತ್ರ ಗೊತ್ತು.

ಆಸ್ಪತ್ರೆಗಳಲ್ಲೂ ಇಂಥದೊಂದು ಇಳಿಯುವ ಕೆಲಸವಿದೆ. ಐಸಿಯುಗೆ ಹೋಗಿ ಬಂದವರು ನೋಡಿರುತ್ತಾರೆ. ರೋಗಿಯ ಕುತ್ತಿಗೆಯ ಪಕ್ಕದಲ್ಲೋ, ಕೊರಳ ಎಲುಬಿನ ಕೆಳಗೋ, ಕೆಲವೊಮ್ಮೆ ತೊಡೆಯ ಸಂದಿಯಲ್ಲೋ ಹೊಲಿಗೆ ಹಾಕಿ ನಿಲ್ಲಿಸಿದ ತೆಳ್ಳನೆಯ ನಳಿಗೆ ಇರುತ್ತದೆ. ಹೊರಗೆ ಎರಡು ಮೂರು ಕವಲು, ಕವಲಿಗೊಂದು ಬಣ್ಣದ ಮುಚ್ಚಳ. ಆಸ್ಪತ್ರೆಯವರು ಇದನ್ನು ‘ಸೆಂಟ್ರಲ್ ಲೈನ್’ ಎನ್ನುತ್ತಾರೆ. ಕೈಯ ಮೇಲೆ ಚುಚ್ಚುವ ಸಾಮಾನ್ಯ ಡ್ರಿಪ್ ಸೂಜಿ ಊರೊಳಗಿನ ಓಣಿಯಾದರೆ ಇದು ಹೆದ್ದಾರಿ. ಕುತ್ತಿಗೆಯಿಂದ ಹಾಕಿದ ನಳಿಗೆಯ ತುದಿ ಹೃದಯದ ಬಲಭಾಗದ ಬಾಗಿಲಿಗೆ ಹೋಗಿ ನಿಂತಿರುತ್ತದೆ. ಸಣ್ಣ ರಕ್ತನಾಳಗಳನ್ನು ಸುಟ್ಟುಬಿಡುವಷ್ಟು ಖಾರವಾದ ಔಷಧಿಗಳನ್ನು ಕೊಡಲು, ತುರ್ತಾಗಿ ಡಯಾಲಿಸಿಸ್ ಮಾಡಲು, ಬಾಯಿಂದ ಊಟ ಮಾಡಲಾಗದವರಿಗೆ ರಕ್ತದ ಮೂಲಕವೇ ಆಹಾರ ಒದಗಿಸಲು ಈ ದಾರಿ ಬೇಕು.

ಈ ದಾರಿ ತೆರೆದವನ ಕತೆ ಒಂದು ಸಾಹಸದ ಕತೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ವೈದ್ಯನಿದ್ದ. ತೋಳಿನ ರಕ್ತನಾಳದ ಮೂಲಕ ನಳಿಗೆ ತೂರಿಸಿ ಹೃದಯವನ್ನು ಮುಟ್ಟಬಹುದು ಎಂಬುದು ಅವನ ಹಟ. ಬೇಡ ಎಂದು ಮೇಲಿನವರು ಹೇಳಿದರು. ಉಪಕರಣದ ಬೀಗದ ಕೈ ಇದ್ದದ್ದು ಗೆರ್ಡಾ ಡಿಟ್ಜೆನ್ ಎಂಬ ನರ್ಸಿನ ಬಳಿ. ಆಕೆ ತನ್ನ ಮೇಲೆಯೇ ಪ್ರಯೋಗವಾಗಲಿ ಎಂದು ಒಪ್ಪಿದಳು. ಫೋರ್ಸ್‌ಮನ್ ಆಕೆಯನ್ನು ಮೇಜಿಗೆ ಕಟ್ಟಿ, ಆಕೆಗೆ ತಿಳಿಯದಂತೆ ನಳಿಗೆಯನ್ನು ತನ್ನ ತೋಳಿಗೇ ತೂರಿಸಿಕೊಂಡ. 65 ಸೆಂಟಿಮೀಟರ್ ಒಳಹೋದ ಮೇಲೆ ಆ ನಳಿಗೆಯೊಡನೆಯೇ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದು, ತುದಿ ಹೃದಯ ಮುಟ್ಟಿದ್ದಕ್ಕೆ ಚಿತ್ರದ ಸಾಕ್ಷಿ ಪಡೆದ. ಬೈಗುಳ ಆಗಲೇ ಸಿಕ್ಕಿತು; ನೊಬೆಲ್ ಪ್ರಶಸ್ತಿ ಮಾತ್ರ 1956ರಲ್ಲಿ, ಕೂರ್ನಾಂಡ್ ಮತ್ತು ರಿಚರ್ಡ್ಸ್ ಎಂಬ ಇನ್ನಿಬ್ಬರ ಜೊತೆಯಲ್ಲಿ. ನಡುವೆ 1952ರಲ್ಲಿ ಫ್ರೆಂಚ್ ವೈದ್ಯ ಒಬಾನಿಯಾಕ್ ಕೊರಳ ಎಲುಬಿನ ಕೆಳಗಿನ ದಾರಿ ತೋರಿಸಿದ. ಮರುವರ್ಷ ಸ್ವೀಡನ್ನಿನ ಸೆಲ್ಡಿಂಗರ್, ಮೊದಲು ಸೂಜಿ, ಸೂಜಿಯೊಳಗೆ ತಂತಿ, ತಂತಿಯ ಮೇಲೆ ನಳಿಗೆ ಎಂಬ ಸರಳ ಉಪಾಯ ಕೊಟ್ಟ. ಇಂದಿಗೂ ನಡೆಯುತ್ತಿರುವುದು ಅದೇ ಉಪಾಯ.

ಇವೆಲ್ಲ ಹಾಕುವ ಕತೆಗಳು. ಫೋರ್ಸ್‌ಮನ್ ತನ್ನ ತೋಳಿನಿಂದ ಆ ನಳಿಗೆಯನ್ನು ಹೊರತೆಗೆದ ಗಳಿಗೆಯ ಬಗ್ಗೆ ಕತೆ ಹೇಳುವವರಿಗೆ ಅಷ್ಟೇನೂ ಉತ್ಸಾಹವಿಲ್ಲ. ಆಸ್ಪತ್ರೆಯಲ್ಲೂ ಅದೇ ಧೋರಣೆ ಕಾಣುತ್ತದೆ. ಲೈನ್ ಹಾಕುವಾಗ ನುರಿತ ವೈದ್ಯರೇ ಬರುತ್ತಾರೆ. ಮೈತುಂಬ ಗೌನು, ಕೈಗವಸು, ಮುಖಕ್ಕೆ ಮಾಸ್ಕು, ಪಕ್ಕದಲ್ಲಿ ಸ್ಕ್ಯಾನಿಂಗ್ ಯಂತ್ರ. ಮನೆಯವರಿಂದ ಸಹಿ ಮಾಡಿಸಿಕೊಳ್ಳುವುದೂ ಉಂಟು. ತೆಗೆಯುವ ದಿನ ಬಂದಾಗ ಇದೆಲ್ಲ ಕರಗಿ ಒಂದೇ ಮಾತು ಉಳಿಯುತ್ತದೆ: “ಸಿಸ್ಟರ್, ಆ ಬೆಡ್ಡಿನವರದು ಲೈನ್ ತೆಗೆದುಬಿಡಿ, ಸಾಯಂಕಾಲ ಡಿಸ್ಚಾರ್ಜ್.” ಹೊಲಿಗೆ ಕತ್ತರಿಸಿ ನಳಿಗೆ ಎಳೆಯುವುದರಲ್ಲಿ ಏನು ಮಹಾ ಇದೆ ಎಂಬ ಭಾವ ಎಲ್ಲರಲ್ಲೂ. ಇರುವುದು ಏನೆಂದು ತಿಳಿಯಬೇಕಾದರೆ ವೈದ್ಯಕೀಯ ಪುಸ್ತಕವನ್ನೇ ತೆರೆಯಬೇಕಾಗಿಲ್ಲ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ‘ಒತ್ತಡ’ ಎಂಬ ಪಾಠ ಸಾಕು.

ಆ ಪಾಠದಲ್ಲಿ ಬರುವವನು ಟಾರಿಸೆಲಿ. 1643ರಲ್ಲಿ ಅವನು ತೋರಿಸಿದ್ದು, ಭೂಮಿಯ ಮೇಲಿನ ಗಾಳಿಗೆ 760 ಮಿಲಿಮೀಟರ್ ಎತ್ತರದ ಪಾದರಸವನ್ನು ಎತ್ತಿ ಹಿಡಿಯುವಷ್ಟು ಬಲವಿದೆ ಎಂದು. ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಮುಚ್ಚಿ ತಲೆಕೆಳಗು ಮಾಡಿದರೂ ನೀರು ಚೆಲ್ಲದ ಆಟವನ್ನು ಮಕ್ಕಳು ಮಾಡಿರುತ್ತಾರೆ. ಸ್ಟ್ರಾ ಇಟ್ಟು ಎಳನೀರು ಹೀರುವಾಗ ನಿಜವಾಗಿ ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ ಎಂದು ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಗಾಳಿ ಯಾವಾಗಲೂ ಬಾಗಿಲಲ್ಲಿ ಕಾದು ನಿಂತಿರುತ್ತದೆ. ಒಳಗೆ ಒತ್ತಡ ತನಗಿಂತ ಕಡಿಮೆಯಾದ ಕ್ಷಣ ನುಗ್ಗುತ್ತದೆ.

ಮೈಯ ಮೇಲೆ ಗಾಯವಾದರೆ ರಕ್ತ ಹೊರಗೆ ಬರುತ್ತದೆಯೇ ಹೊರತು ಗಾಳಿ ಒಳಗೆ ಹೋಗುವುದಿಲ್ಲ ಎಂಬುದು ಎಲ್ಲರ ಅನುಭವ. ಅದು ಸಾಮಾನ್ಯವಾಗಿ ನಿಜ. ಅಪಧಮನಿಯಲ್ಲಿ ರಕ್ತದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ನೂರಿಪ್ಪತ್ತು ಮಿಲಿಮೀಟರ್ ಪಾದರಸದಷ್ಟು ಮೇಲಿರುತ್ತದೆ. ಆದರೆ ಹೃದಯಕ್ಕೆ ಮರಳುವ ದೊಡ್ಡ ಅಭಿಧಮನಿಯಲ್ಲಿ ಈ ಹೆಚ್ಚುವರಿ ಒತ್ತಡ ಮನುಷ್ಯ ಮಲಗಿದ್ದಾಗ 2ರಿಂದ 8 ಮಿಲಿಮೀಟರ್ ಮಾತ್ರ. ಅವನು ಎದ್ದು ಕೂತರೆ ಲೆಕ್ಕ ತಿರುಗುತ್ತದೆ. ಕುತ್ತಿಗೆ ಹೃದಯಕ್ಕಿಂತ ಮೇಲೆ ಹೋಗುತ್ತದೆ. ಕುತ್ತಿಗೆಯ ಆ ಜಾಗ ಹೃದಯಕ್ಕಿಂತ 10 ಸೆಂಟಿಮೀಟರ್ ಮೇಲಿದೆ ಎಂದುಕೊಂಡರೆ, ಅಷ್ಟು ಎತ್ತರದ ರಕ್ತದ ಕಂಬದ ತೂಕ ಸುಮಾರು 7 ಮಿಲಿಮೀಟರ್ ಪಾದರಸಕ್ಕೆ ಸಮ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ ಎಂದು ಗೊತ್ತಿರುವ ಯಾವ ವಿದ್ಯಾರ್ಥಿಯೂ ಈ ಭಾಗಾಕಾರ ಮಾಡಬಲ್ಲ. ಕೈಯಲ್ಲಿದ್ದ ಪುಡಿಗಾಸು ಅಲ್ಲಿಗೆ ಖರ್ಚಾಯಿತು. ಅದರ ಮೇಲೆ ರೋಗಿ ಒಂದು ಆಳವಾದ ಉಸಿರೆಳೆದರೆ? ವಪೆ ಕೆಳಗಿಳಿದು, ಎದೆಗೂಡು ಹಿಗ್ಗಿ, ಒಳಗಿನ ಒತ್ತಡ ಇನ್ನಷ್ಟು ಇಳಿಯುತ್ತದೆ. ಮೂಗಿನಿಂದ ಗಾಳಿ ಒಳಬರಲೆಂದೇ ದೇಹ ಮಾಡಿಕೊಂಡ ಏರ್ಪಾಡು ಅದು. ಕುತ್ತಿಗೆಯಲ್ಲಿ ಇನ್ನೊಂದು ತೂತು ತೆರೆದಿದ್ದರೆ ಗಾಳಿ ಅಲ್ಲಿಂದಲೂ ಬರುತ್ತದೆ. ಮೂಗಿನಿಂದ ಬಂದದ್ದು ಶ್ವಾಸಕೋಶಕ್ಕೆ, ಇಲ್ಲಿಂದ ಬಂದದ್ದು ನೇರ ರಕ್ತಕ್ಕೆ.

ಮೂಳೆ ಮಾಂಸದ ನಡುವಿನ ತೂತು ತಾನೇ ಮುಚ್ಚಿಕೊಳ್ಳುವುದಿಲ್ಲವೇ ಎಂದರೆ, ಬಹಳ ಸಲ ಮುಚ್ಚಿಕೊಳ್ಳುತ್ತದೆ. ಆದರೆ ನಳಿಗೆ ಅನೇಕ ದಿನ ಕೂತಿದ್ದರೆ ಅದರ ಸುತ್ತ ಒಂದು ಒಳದಾರಿ ಗಟ್ಟಿಯಾಗಿರುತ್ತದೆ, ಹಳೆಯ ಮೊಳೆ ಕಿತ್ತ ಮೇಲೆ ಗೋಡೆಯಲ್ಲಿ ಉಳಿಯುವ ತೂತಿನ ಹಾಗೆ. ಕಾಯಿಲೆಯಿಂದ ಸೊರಗಿ ಮೈಯಲ್ಲಿ ಕೊಬ್ಬೇ ಇಲ್ಲದವರಲ್ಲಿ ಆ ದಾರಿ ಮುಚ್ಚುವುದು ಇನ್ನೂ ನಿಧಾನ. ವೈದ್ಯಕೀಯ ಪುಸ್ತಕಗಳು ಕೊಡುವ ಲೆಕ್ಕ ನೋಡಿದರೆ ಅವಸರ ತಾನಾಗಿ ಇಳಿಯುತ್ತದೆ. ಸುಮಾರು 2 ಮಿಲಿಮೀಟರ್ ದಪ್ಪದ ಸೂಜಿಯ ಮೂಲಕ, ಬರೀ 5 ಸೆಂಟಿಮೀಟರ್ ನೀರಿನಷ್ಟು ಒತ್ತಡದ ವ್ಯತ್ಯಾಸಕ್ಕೆ, ಸೆಕೆಂಡಿಗೆ ಸುಮಾರು 100 ಮಿಲಿಲೀಟರ್ ಗಾಳಿ ಹಾಯಬಲ್ಲದು. ವಯಸ್ಕರಲ್ಲಿ 200ರಿಂದ 300 ಮಿಲಿಲೀಟರ್ ಗಾಳಿ ಒಮ್ಮೆಗೇ ಒಳಹೋದರೆ ಪ್ರಾಣಕ್ಕೇ ಅಪಾಯ. ಅಂದರೆ ಎರಡು ಮೂರು ಸೆಕೆಂಡಿನ ಮಾತು, ಒಂದು ನಿಟ್ಟುಸಿರಿನಷ್ಟು ಹೊತ್ತು.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನೇಕ ತಾಯಂದಿರ ನಿದ್ದೆ ಕೆಡಬಹುದು. ಕೈಗೆ ಹಾಕಿದ ಡ್ರಿಪ್ಪಿನ ನಳಿಗೆಯಲ್ಲಿ ಒಂದು ಸಣ್ಣ ಗುಳ್ಳೆ ಕಂಡರೆ ಗಾಬರಿಪಡಬೇಕಾಗಿಲ್ಲ. ಸಿಸ್ಟರಿಗೆ ಹೇಳಿದರೆ ಸಾಕು. ಅಂಥ ಚಿಕ್ಕ ಗುಳ್ಳೆಗಳನ್ನು ಶ್ವಾಸಕೋಶದ ಜಾಲರಿ ತಡೆದು ಕರಗಿಸಿಬಿಡುತ್ತದೆ. ಭಯಪಡಬೇಕಾದದ್ದು ಒಮ್ಮೆಲೇ ನುಗ್ಗುವ ಗಾಳಿಗೆ.

ಮಲೆನಾಡಿನ ಅಂಚಿನ ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಇಲಿಜ್ವರದಿಂದ ಮೂತ್ರಪಿಂಡ ಸೋತು ಬಂದ ರೈತರೊಬ್ಬರಿದ್ದರು. ಕುತ್ತಿಗೆಗೆ ನಳಿಗೆ ಹಾಕಿ ನಾಲ್ಕಾರು ಸಲ ಡಯಾಲಿಸಿಸ್ ಮಾಡಿದ ಮೇಲೆ ಮೂತ್ರಪಿಂಡ ಮತ್ತೆ ಕೆಲಸ ಹಿಡಿಯಿತು. ಮನೆಗೆ ಹೊರಡುವ ದಿನ ಅಜ್ಜ ಬೆಳಗ್ಗೆಯೇ ಅಂಗಿ ತೊಟ್ಟು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಗನಿಗೆ ನಾಲ್ಕು ಗಂಟೆಯ ಬಸ್ಸಿನ ಚಿಂತೆ. ನಳಿಗೆ ತೆಗೆಯಲು ಬಂದವಳು ನರ್ಸಿಂಗ್ ಕಲಿಯುತ್ತಿದ್ದ ಹುಡುಗಿ.

“ಕೂತೇ ಇದೀನಲ್ಲವ್ವಾ, ಹಿಂಗೇ ಎಳೆದ್ಬಿಡು” ಎಂದರು ಅಜ್ಜ.

ಹುಡುಗಿಯ ಕೈ ಪಟ್ಟಿಯ ಹತ್ತಿರ ಹೋಗಿತ್ತು. ಹಿಂದೆ ನಿಂತಿದ್ದ ಹಿರಿಯ ಸಿಸ್ಟರ್ ಆಕೆಯ ಮೊಣಕೈ ಮುಟ್ಟಿ ತಡೆದರು. ಗದರಲಿಲ್ಲ. ಅಜ್ಜನನ್ನೇ ಕೇಳಿದರು: “ಅಜ್ಜಾ, ನಿಮ್ಮ ತೋಟದ ಪಂಪ್‌ಸೆಟ್ ಗಾಳಿ ಹಿಡಿದ್ರೆ ಏನಾಗುತ್ತೆ?”

“ಏನಾಗ್ತದೆ, ಮೋಟ್ರು ತಿರುಗ್ತಾ ಇರ್ತದೆ, ನೀರು ಬರಲ್ಲ.”

“ಎದೆ ಒಳಗಿರೋದೂ ಪಂಪೇ ಅಲ್ವಾ? ಅದು ಗಾಳಿ ಹಿಡೀಬಾರ್ದು ಅಂತ ನಿಮ್ಮನ್ನ ಮಲಗಿಸ್ತೀವಿ.”

ಅಜ್ಜನಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ. ಕಾಲೆತ್ತಿ ಮಲಗಿದರು. ಬಸ್ಸಿನ ಮಾತೆತ್ತಿದ ಮಗನಿಗೆ, “ಸುಮ್ನಿರೋ, ಗಾಳಿ ಹಿಡೀತದಂತೆ” ಎಂದು ತಾವೇ ತಿಳಿಹೇಳಿದರು.

ಸಿಸ್ಟರ್ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಒಳಹೊಕ್ಕ ಗಾಳಿ ಹೃದಯದ ಬಲಭಾಗದಲ್ಲಿ ರಕ್ತದೊಡನೆ ಕಡೆದು ನೊರೆಯಾಗುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ, ಶ್ವಾಸಕೋಶಕ್ಕೆ ರಕ್ತ ಹೋಗುವುದಿಲ್ಲ. ಇನ್ನೊಂದು ಕುತ್ತೂ ಉಂಟು. ಗರ್ಭದಲ್ಲಿದ್ದಾಗ ಹೃದಯದ ಬಲ ಎಡ ಕೋಣೆಗಳ ನಡುವೆ ಇರುವ ಸಣ್ಣ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ದೊಡ್ಡವರಾದ ಮೇಲೂ ಪೂರ್ತಿ ಮುಚ್ಚಿರುವುದಿಲ್ಲ. ಅಂಥವರಲ್ಲಿ ಗುಳ್ಳೆ ಎಡಕ್ಕೆ ದಾಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ತನಗೆ ಆ ಕಿಂಡಿ ಇದೆ ಎಂಬುದು ಹೆಚ್ಚಿನವರಿಗೆ ತಿಳಿದೇ ಇರುವುದಿಲ್ಲ.

ಆ ಮಧ್ಯಾಹ್ನ ಹುಡುಗಿ ಕಲಿತ ಕ್ರಮ ಯಾವ ದೇಶದ ಆಸ್ಪತ್ರೆಯಲ್ಲೂ ಹೆಚ್ಚು ಕಡಿಮೆ ಇದೇ. ಮೊದಲು ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ವರದಿ, ಪ್ಲೇಟ್‌ಲೆಟ್ ಎಣಿಕೆ ನೋಡುವುದು. ರೋಗಿಗೆ ಏನು ಮಾಡಲಿದ್ದೇವೆ ಎಂದು ಹೇಳಿ, ಉಸಿರು ಹಿಡಿಯುವುದನ್ನು ಒಂದೆರಡು ಸಲ ಅಭ್ಯಾಸ ಮಾಡಿಸುವುದು. ಮಂಚವನ್ನು ಚಪ್ಪಟೆ ಮಾಡಿ, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ತಲೆಯ ಕಡೆ ತುಸು ತಗ್ಗಿಸುವುದು. ಎಲ್ಲ ಕವಲುಗಳ ಕ್ಲಿಪ್ ಮುಚ್ಚಿದೆಯೇ ನೋಡುವುದು. ಕೈ ತೊಳೆದು, ಗವಸು ತೊಟ್ಟು, ಚರ್ಮ ಶುದ್ಧಮಾಡಿ, ಹೊಲಿಗೆ ಕತ್ತರಿಸುವುದು. ರೋಗಿ ಉಸಿರು ಕಟ್ಟಿ ಮುಕ್ಕುತ್ತಿರುವಾಗ ನಳಿಗೆಯನ್ನು ಒಂದೇ ಸಮನಾಗಿ ಎಳೆದು, ತೂತಿನ ಮೇಲೆ ಆ ಕ್ಷಣವೇ ಗಾಜ್ ಬಟ್ಟೆ ಒತ್ತಿ ಹಿಡಿಯುವುದು. ಅಜ್ಜನಿಗೆ ಸಿಸ್ಟರ್ ಹೇಳಿದ್ದು, “ಮೂಟೆ ಎತ್ತೋವಾಗ ಉಸಿರು ಕಟ್ತೀರಲ್ಲ, ಹಾಗೆ” ಎಂದು.

ಈ ಮುಕ್ಕುವ ಕ್ರಮಕ್ಕೆ ವೈದ್ಯರು ಇಟ್ಟ ಹೆಸರು ‘ವಲ್ಸಾಲ್ವಾ’. ಆಂಟೋನಿಯೋ ವಲ್ಸಾಲ್ವಾ ಇಟಲಿಯ ಬೊಲೋನ್ಯದ ಶರೀರಶಾಸ್ತ್ರಜ್ಞ. 1704ರಲ್ಲಿ ಕಿವಿಯ ಬಗ್ಗೆ ಬರೆದ ಗ್ರಂಥದಲ್ಲಿ ಅವನು ಇದನ್ನು ಹೇಳಿದ್ದು ಕಿವಿಯ ಕೀವು ಹೊರಹಾಕುವುದಕ್ಕೆ. ಬಾಯಿ ಮೂಗು ಮುಚ್ಚಿ ಉಸಿರು ದಬ್ಬಿದರೆ ಎದೆಯೊಳಗಿನ ಒತ್ತಡ ಏರುತ್ತದೆ, ಬಾಗಿಲಲ್ಲಿ ಕಾದ ಗಾಳಿಗೆ ಆಗ ಒಳಗೆ ದಾರಿಯಿಲ್ಲ. ತಲೆ ತಗ್ಗಿಸುವ ಭಂಗಿಗೆ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಹೆಸರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವನು ಅದನ್ನು ಬಳಸಿದ್ದು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ. ಯಾವುದಕ್ಕೋ ಹುಟ್ಟಿದ ಎರಡು ಉಪಾಯಗಳು ಇಲ್ಲಿ ಒಂದು ತೂತನ್ನು ಕಾಯುತ್ತಿವೆ. ಹೇಳಿದ್ದು ತಿಳಿಯದ ಸ್ಥಿತಿಯಲ್ಲಿರುವ ರೋಗಿಯಾದರೆ ಅವನು ಉಸಿರು ಬಿಡುವ ಗಳಿಗೆ ನೋಡಿ ಎಳೆಯಬೇಕು. ವೆಂಟಿಲೇಟರ್ ಮೇಲಿರುವವನಿಗೆ ಲೆಕ್ಕ ತಿರುವುಮುರುವು. ಯಂತ್ರ ಗಾಳಿಯನ್ನು ಒಳಗೆ ದಬ್ಬುವಾಗಲೇ ಎದೆಯ ಒತ್ತಡ ಹೆಚ್ಚು, ಆದ್ದರಿಂದ ಎಳೆಯಬೇಕಾದದ್ದು ಆಗ. ನಿಯಮವನ್ನು ಬಾಯಿಪಾಠ ಮಾಡಿದವರು ಇಲ್ಲಿ ತಪ್ಪುತ್ತಾರೆ. ಕಾರಣ ತಿಳಿದವರು ತಪ್ಪುವುದಿಲ್ಲ.

ಎಳೆಯುವಾಗ ನಳಿಗೆ ಬಿಗಿಯಾಗಿ ತಡೆದರೆ ಬಲ ಹಾಕಕೂಡದು; ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಎಳೆದಾಡಿ ತುಂಡಾದರೆ ಆ ತುಂಡು ರಕ್ತದೊಡನೆ ಹೃದಯಕ್ಕೋ ಶ್ವಾಸಕೋಶಕ್ಕೋ ಹೋಗುತ್ತದೆ. ಹೊರಬಂದ ಮೇಲೆ ಅದರ ಉದ್ದ ನೋಡಿ, ತುದಿ ಪೂರ್ತಿಯಾಗಿದೆಯೇ ಎಂದು ಪರೀಕ್ಷಿಸಿ ಬರೆದಿಡಬೇಕು. ಗಾಜ್ ಒತ್ತಿ ಹಿಡಿಯುವುದು ಕನಿಷ್ಠ 5 ನಿಮಿಷ. ರಕ್ತ ಬೇಗ ಹೆಪ್ಪುಗಟ್ಟದವರಿಗೆ ಇನ್ನೂ ಹೆಚ್ಚು. ನಡುನಡುವೆ ಎತ್ತಿ ಇಣುಕಿದರೆ ಎಣಿಕೆ ಮತ್ತೆ ಮೊದಲಿನಿಂದ. ಆಮೇಲೆ ಹಾಕುವ ಪಟ್ಟಿ ಗಾಳಿ ಆಡದಂಥದು ಆಗಿರಬೇಕು. ಬರೀ ಹತ್ತಿಬಟ್ಟೆ ಸಾಲದು, ಅದರ ಎಳೆಗಳ ನಡುವೆ ಗಾಳಿ ಸಲೀಸಾಗಿ ಓಡಾಡುತ್ತದೆ. ಆ ಪಟ್ಟಿ ಒಂದು ದಿನವಾದರೂ ಇರಬೇಕು. ರೋಗಿ ಸುಮಾರು ಅರ್ಧ ಗಂಟೆ ಮಲಗಿಯೇ ಇರಬೇಕು. ನಳಿಗೆ ಹೋದರೂ ಒಳದಾರಿ ಇನ್ನೂ ತೆರೆದಿರಬಹುದಾದ ಹೊತ್ತು ಅದು.

ಇಷ್ಟರ ಮೇಲೂ ರೋಗಿಗೆ ಥಟ್ಟನೆ ಏದುಸಿರು, ಕೆಮ್ಮು, ಎದೆನೋವು, ತಬ್ಬಿಬ್ಬು ಕಾಣಿಸಿಕೊಂಡರೆ ಮೊದಲು ತೂತು ಮುಚ್ಚಬೇಕು. ಎಡಮಗ್ಗುಲಿಗೆ ತಿರುಗಿಸಿ, ತಲೆ ತಗ್ಗಿಸಿ, ಆಮ್ಲಜನಕ ಕೊಟ್ಟು ವೈದ್ಯರನ್ನು ಕೂಗಬೇಕು. ಎಡಮಗ್ಗುಲಿನ ಈ ಉಪಾಯವನ್ನು 1947ರಲ್ಲಿ ಡ್ಯುರಾಂಟ್ ಎಂಬ ಅಮೆರಿಕದ ವೈದ್ಯ ವಿವರಿಸಿದ. ಹಗುರವಾದ ಗಾಳಿ ಮೇಲಕ್ಕೆ ತೇಲಿ, ರಕ್ತ ಹೊರಹೋಗುವ ಬಾಗಿಲು ತೆರವಾಗಲಿ ಎಂಬುದು ಅದರ ತರ್ಕ.

ತೆಗೆಯುವುದು ಅಪಾಯವೆಂದು ತೆಗೆಯದೆ ಬಿಡುವುದು ಇನ್ನೂ ದೊಡ್ಡ ಅಪಾಯ. ಒಳಗಿದ್ದಷ್ಟೂ ದಿನ ನಳಿಗೆ ಸೋಂಕಿಗೆ ಏಣಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೊಸ್ಟ್ ಈ ನಳಿಗೆಗಳ ಸೋಂಕು ತಡೆಯಲು ಐದೇ ಅಂಶಗಳ ಪಟ್ಟಿ ಮಾಡಿದರು. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಅದನ್ನು ಪಾಲಿಸಿದಾಗ ಸೋಂಕು ಗಣನೀಯವಾಗಿ ಇಳಿದದ್ದು 2006ರಲ್ಲಿ ಪ್ರಕಟವಾಯಿತು. ಕೈ ತೊಳೆಯುವುದರಿಂದ ಶುರುವಾಗುವ ಆ ಪಟ್ಟಿಯ ಕೊನೆಯ ಅಂಶ, ಬೇಡವಾದ ನಳಿಗೆಯನ್ನು ತೆಗೆಯಿರಿ ಎಂಬುದು. ಇನ್ನೊಂದು ಕಡೆ, ಅಮೆರಿಕದಲ್ಲಿ ವೃದ್ಧರ ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರಿ ಯೋಜನೆ ಮೆಡಿಕೇರ್ 2008ರ ಅಕ್ಟೋಬರ್‌ನಲ್ಲಿ ಒಂದು ನಿಯಮ ತಂದಿತು. ಆಸ್ಪತ್ರೆಯಲ್ಲಿದ್ದಾಗ ಆದ ಕೆಲವು ಅನಾಹುತಗಳ ಹೆಚ್ಚುವರಿ ಖರ್ಚನ್ನು ತಾನು ಕೊಡುವುದಿಲ್ಲ ಎಂದಿತು. ಹೊಟ್ಟೆಯೊಳಗೆ ಉಪಕರಣ ಮರೆತುಬಿಡುವುದು, ಬೇರೆ ಗುಂಪಿನ ರಕ್ತ ಕೊಡುವುದು, ಇವುಗಳ ಸಾಲಿನಲ್ಲಿ ರಕ್ತನಾಳಕ್ಕೆ ಗಾಳಿ ಹೊಗಿಸುವುದೂ ಇತ್ತು. ಅದನ್ನು ವಿಧಿಯೆಂದು ಬಿಡದೆ, ತಡೆಯಬಹುದಾಗಿದ್ದ ತಪ್ಪು ಎಂದು ಎಣಿಸಿದ್ದು ದೊಡ್ಡ ಮಾತು.

ಮಗಳು ನರ್ಸಿಂಗ್‌ಗೆ ಸೇರುತ್ತೇನೆ ಎಂದಾಗ ‘ಅದಕ್ಕೇನು ಫಿಸಿಕ್ಸು ಬೇಕು, ಸೂಜಿ ಚುಚ್ಚಿದರಾಯ್ತು’ ಎನ್ನುವ ತಂದೆತಾಯಿ ಇನ್ನೂ ಇದ್ದಾರೆ. ಅವರು ಆ ಅರ್ಧ ಗಂಟೆಯನ್ನು ಒಮ್ಮೆ ನೋಡಬೇಕು. ರೋಗಿಯ ಕಡೆಯವರಾಗಿ ಆಸ್ಪತ್ರೆಯಲ್ಲಿ ಕೂತಿರುವವರ ಪಾಲಿನ ಕೆಲಸವೂ ಸಣ್ಣದಲ್ಲ. ನಳಿಗೆ ತೆಗೆಯುವಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಬಾರದು; ಆ ಹೊತ್ತಿಗೇ ಕಾಫಿ ಕುಡಿಸಲು, ಮಾತಾಡಿಸಲು ಹೋಗಬಾರದು; ಪಟ್ಟಿ ಬಿಚ್ಚಿ ಗಾಯ ನೋಡಬಾರದು. “ಮಲಗಿಸಬೇಕಲ್ಲವಾ ಸಿಸ್ಟರ್?” ಎಂದು ಸಮಾಧಾನವಾಗಿ ಕೇಳಿದರೆ ಯಾವ ಒಳ್ಳೆಯ ಸಿಸ್ಟರೂ ಬೇಸರಪಡುವುದಿಲ್ಲ.

ವಾಯುಮಂಡಲದ ಒತ್ತಡ ಎಂದರೇನು ಎಂಬುದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಹೆಚ್ಚಿನ ಮಕ್ಕಳು ಸರಿಯಾಗಿಯೇ ಬರೆಯುತ್ತಾರೆ, ಅಂಕ ಪಡೆಯುತ್ತಾರೆ, ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅವರಲ್ಲಿ ಕೆಲವರು ಮುಂದೆ ಬಿಳಿ ಉಡುಪು ತೊಟ್ಟು ಯಾರದೋ ಅಮ್ಮನ, ಯಾರದೋ ಮಗುವಿನ ಮಂಚದ ಪಕ್ಕ ನಿಲ್ಲುತ್ತಾರೆ. ಆಗ ಅದೇ ಪ್ರಶ್ನೆ ಇನ್ನೊಮ್ಮೆ ಎದುರಾಗುತ್ತದೆ, ಅಂಕವಿಲ್ಲದೆ, ಮೇಲ್ವಿಚಾರಕರಿಲ್ಲದೆ. ಸರಿಯಾಗಿ ಉತ್ತರಿಸಿದರೆ ಆ ಮಧ್ಯಾಹ್ನ ವಿಶೇಷವೇನೂ ನಡೆಯುವುದಿಲ್ಲ. ಮಲಗಿದ್ದವರು ಅರ್ಧ ಗಂಟೆ ಕಳೆದು ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮನೆಗೆ ಹೋಗುತ್ತಾರೆ.